ದಡದಿಂದ ಪರ್ಚ್ ಗಾಳ: ಮೀನು ಸಿಗದಿದ್ದರೆ ದೋಷ ಎಲ್ಲಿದೆ, ಸರಿಪಡಿಸುವುದು ಹೇಗೆ

ಪರ್ಚ್ ಸಿಗದ ದಿನ ಹೆಚ್ಚಿನವರ ಕೈ ಮೊದಲು ಹೋಗುವುದು ಲೂರ್ (ನಕಲಿ ಆಮಿಷ) ಡಬ್ಬಿಗೆ. ಹಸಿರು ಬಿಚ್ಚಿ ಹಳದಿ ಕಟ್ಟುತ್ತಾರೆ, ಹಳದಿ ಬಿಚ್ಚಿ ಕಿತ್ತಳೆ ಕಟ್ಟುತ್ತಾರೆ, ಅಷ್ಟರಲ್ಲಿ ಬೆಳಗಿನ ಒಳ್ಳೆಯ ಹೊತ್ತು ಮುಗಿದಿರುತ್ತದೆ. ಬರೀ ಬಣ್ಣದಿಂದ ಕೆಟ್ಟ ದಿನಗಳು ತೀರಾ ಕಡಿಮೆ. ದೋಷ ಹುಡುಕುವ ಕ್ರಮ ಹೀಗಿರಲಿ: ಮೊದಲು ಜಾಗ, ಆಮೇಲೆ ಆಳ, ಆಮೇಲೆ ವೇಗ, ಆಮೇಲೆ ಗಾತ್ರ, ಇಷ್ಟೆಲ್ಲ ಮುಗಿದ ಮೇಲೆ ಬಣ್ಣ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದಾಗ ಮೀನು ಬಿದ್ದರೆ ಯಾವುದರಿಂದ ಬಿತ್ತು ಎಂದು ತಿಳಿಯುವುದಿಲ್ಲ.

ಇನ್ನೊಂದು ವಿಂಗಡಣೆ ಅದಕ್ಕೂ ಮೊದಲೇ ಆಗಬೇಕು. ಸಮಸ್ಯೆ ಮೂರರಲ್ಲಿ ಯಾವ ಹಂತದ್ದು? ಮೀನು ಅಲ್ಲಿ ಇಲ್ಲವೇ ಇಲ್ಲವೋ, ಇದ್ದೂ ಬಾಯಿ ಹಾಕುತ್ತಿಲ್ಲವೋ, ಬಾಯಿ ಹಾಕಿದರೂ ದಡಕ್ಕೆ ಬರುತ್ತಿಲ್ಲವೋ. ಮೂರಕ್ಕೂ ಮದ್ದು ಬೇರೆ ಬೇರೆ. ಮೀನಿಲ್ಲದ ಜಾಗದಲ್ಲಿ ಕೊಕ್ಕೆ ಹರಿತ ಮಾಡಿ ಪ್ರಯೋಜನವಿಲ್ಲ.

ಇಲ್ಲಿ ಹೇಳುತ್ತಿರುವುದು ಯುರೋಪಿನ ಪರ್ಚ್ ಬಗ್ಗೆ: ಹಸಿರು ಮೈ, 5ರಿಂದ 9 ಕಪ್ಪು ಅಡ್ಡಪಟ್ಟಿ, ಹೊಟ್ಟೆಯ ಕೆಳಗೆ ಕೆಂಪು-ಕಿತ್ತಳೆ ಈಜುರೆಕ್ಕೆ, ಬೆನ್ನ ಮೇಲೆ ಮುಳ್ಳಿನ ರೆಕ್ಕೆ, ಅದರ ಹಿಂತುದಿಯಲ್ಲಿ ಕಪ್ಪು ಮಚ್ಚೆ. ಉತ್ತರ ಅಮೆರಿಕದ ಹಳದಿ ಪರ್ಚ್ ಇದರ ಹತ್ತಿರದ ಬಳಗ. ಸಾಮಾನ್ಯವಾಗಿ ಚಿಕ್ಕದು, ಹಾಗಾಗಿ ಲೂರ್ ಒಂದು ಗಾತ್ರ ಇಳಿಸಿದರೆ ಈ ಮಾತುಗಳಲ್ಲಿ ಹೆಚ್ಚಿನವು ಅದಕ್ಕೂ ಸಲ್ಲುತ್ತವೆ.

ಅಳತೆಗೋಲಾಗಿ ಒಂದು ಸೆಟ್

ದೋಷ ಹುಡುಕಲು ಮೊದಲು ಕೈಯಲ್ಲಿರುವ ಸಾಮಾನು ಸರಿಯಾಗಿದೆ ಎಂಬ ಭರವಸೆ ಬೇಕು. ದಡದಿಂದ ಲೂರ್ ಎಸೆಯುವವರಿಗೆ ಸಾಕಾಗುವುದು ಇಷ್ಟು: 2.1ರಿಂದ 2.4 ಮೀಟರ್ ಉದ್ದದ, 3ರಿಂದ 15 ಗ್ರಾಂ ಎಸೆಯಬಲ್ಲ ಕೋಲು. ಅದರ ತುದಿ ಮೃದುವಾಗಿ ಬಾಗಬೇಕು. 2000 ಅಥವಾ 2500 ಗಾತ್ರದ ಸ್ಪಿನ್ನಿಂಗ್ ರೀಲ್. 0.08ರಿಂದ 0.10 ಮಿಲಿಮೀಟರ್ ಹೆಣೆದ ದಾರ, ಅದರ ಮುಂದೆ 0.20ರಿಂದ 0.25 ಮಿಲಿಮೀಟರ್ ಫ್ಲೋರೋಕಾರ್ಬನ್ ಲೀಡರ್ (ಲೂರ್ ಕಟ್ಟುವ ತುದಿದಾರ) ಸುಮಾರು ಒಂದು ಮೀಟರ್. ಲೂರ್‌ಗೆ 5 ಮತ್ತು 7 ಸೆಂಟಿಮೀಟರಿನ ರಬ್ಬರ್ ಶ್ಯಾಡ್ (ಮರಿಮೀನಿನ ಆಕಾರದ್ದು), ಅದನ್ನು ಸಿಕ್ಕಿಸಲು 3, 5, 7, 10 ಗ್ರಾಂ ಜಿಗ್ ತಲೆಗಳು (ಬುಡದಲ್ಲಿ ಭಾರವಿರುವ ಕೊಕ್ಕೆ), 1ರಿಂದ 3ನೇ ಸಂಖ್ಯೆಯ ಸ್ಪಿನ್ನರ್ (ಎಳೆದಾಗ ಲೋಹದ ಎಲೆ ತಿರುಗುವ ಲೂರ್) ಎರಡು-ಮೂರು. ಇದರಾಚೆ ಡಬ್ಬಿಯಲ್ಲಿರುವುದೆಲ್ಲ ಆಸೆಗೆ ಕೊಂಡದ್ದು.

ಬೆಂಡು ಕಟ್ಟಿ ಹುಳು ಹಾಕುವವರಿಗೆ 3.6ರಿಂದ 4 ಮೀಟರ್ ಕೋಲು, 0.16ರಿಂದ 0.18 ಮಿಲಿಮೀಟರ್ ನೈಲಾನ್ ದಾರ, 2ರಿಂದ 4 ಗ್ರಾಂ ಹೊರುವ ಬೆಂಡು, 6ರಿಂದ 10ನೇ ಸಂಖ್ಯೆಯ ಕೊಕ್ಕೆ. ಕೊಕ್ಕೆಯ ಲೆಕ್ಕದಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದು ಎಂಬುದು ನೆನಪಿರಲಿ.

ಒಂದು ತಟ್ಟೂ ಇಲ್ಲ

ಅರ್ಧ ಗಂಟೆ ಕಳೆದರೂ ದಾರದಲ್ಲಿ ಏನೂ ಗೊತ್ತಾಗದಿದ್ದರೆ ಮೊದಲ ಅನುಮಾನ ಜಾಗದ ಮೇಲೆ. ಪರ್ಚ್ ಹಿಂಡಿನ ಮೀನು. ನೀರಿನ ತುಂಬ ಹರಡಿಕೊಂಡಿರುವುದಿಲ್ಲ. ಹತ್ತು ಮೀಟರಿನಲ್ಲಿ ಮೂವತ್ತು ಇರಬಹುದು, ಪಕ್ಕದ ನೂರು ಮೀಟರಿನಲ್ಲಿ ಒಂದೂ ಇಲ್ಲದಿರಬಹುದು. ಹೀಗಾಗಿ ಒಂದೇ ಕಡೆ ಕುಳಿತು ಕಾಯುವುದು ದಡದ ಗಾಳಗಾರರ ಅತಿ ದೊಡ್ಡ ತಪ್ಪು. ಒಂದು ನಿಲುವಿನಲ್ಲಿ ಎಡದಿಂದ ಬಲಕ್ಕೆ ಬೀಸಣಿಗೆಯಂತೆ ಎಂಟು-ಹತ್ತು ಎಸೆತ, ಪ್ರತಿ ಎಸೆತದ ನಡುವೆ ಎರಡು-ಮೂರು ಮೀಟರ್ ಅಂತರ. ಏನೂ ಇಲ್ಲವೆಂದರೆ ಮುಂದಕ್ಕೆ ನಡೆಯಿರಿ. 15 ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ.

ಎಲ್ಲಿ ಹುಡುಕುವುದು? ನೀರೊಳಗೆ ಏನಾದರೂ ಆಸರೆ ಇರುವ ಕಡೆ: ಮುಳುಗಿದ ಮರ, ಸೇತುವೆಯ ಕಂಬ, ದೋಣಿ ಕಟ್ಟುವ ಕಟ್ಟೆ, ಜೊಂಡಿನ ಅಂಚು, ತೂಬಿನ ಬಾಯಿ, ಕಾಲುವೆ ಬಂದು ಸೇರುವ ಮೂಲೆ, ತಳ ಒಮ್ಮೆಲೇ ಇಳಿಯುವ ಮೆಟ್ಟಿಲು. ಇದರ ಜೊತೆಗೆ ಮರಿಮೀನು ಬೇಕು. ನೀರಿನ ಮೇಲೆ ಚಿಕ್ಕ ಮೀನುಗಳು ಮಳೆ ಹನಿಯ ಹಾಗೆ ಒಮ್ಮೆಗೇ ಚಿಮ್ಮಿದರೆ ಕೆಳಗೆ ಪರ್ಚ್ ಅಟ್ಟಿಸಿಕೊಂಡು ಬಂದಿದೆ ಎಂದರ್ಥ. ಆ ಜಾಗಕ್ಕೆ ತಡಮಾಡದೆ ಲೂರ್ ಬೀಳಬೇಕು.

ದಡದಿಂದ ಹಿಡಿಯುವವರು ಪದೇಪದೇ ಮಾಡುವ ಇನ್ನೊಂದು ಎಡವಟ್ಟು: ನೀರಿನ ಅಂಚಿಗೆ ನೇರ ನಡೆದು ಬಂದು, ಕಾಲು ಅಪ್ಪಳಿಸಿ ನಿಂತು, ಸಾಧ್ಯವಾದಷ್ಟು ದೂರ ಎಸೆಯುವುದು. ಪರ್ಚ್ ಎಷ್ಟೋ ಸಲ ನಿಮ್ಮ ಕಾಲಿನಿಂದ ಎರಡು ಮೀಟರ್ ದೂರದಲ್ಲೇ ಇರುತ್ತದೆ. ಅಂಚಿನಿಂದ ಮೂರು ಮೀಟರ್ ಹಿಂದೆಯೇ ನಿಂತು, ಮೊದಲ ಎರಡು ಎಸೆತ ದಡಕ್ಕೆ ಸಮಾನಾಂತರವಾಗಿ, ಒಂದು ಎಡಕ್ಕೆ, ಒಂದು ಬಲಕ್ಕೆ. ದೂರದ ನೀರು ಆಮೇಲೆ.

ಜಾಗ ಸರಿ ಎನಿಸಿಯೂ ಮೀನು ಇಲ್ಲದಿದ್ದರೆ ಆಳ ನೋಡಿ. ನೀರು ಬೆಚ್ಚಗಿದ್ದಾಗ ಪರ್ಚ್ ಒಂದೆರಡು ಮೀಟರ್ ನೀರಿನಲ್ಲಿ ಕಳೆಯ ಪಕ್ಕ ಸುತ್ತಾಡುತ್ತದೆ. ನೀರಿನ ತಾಪಮಾನ 6-7 ಡಿಗ್ರಿಗಿಂತ ಕೆಳಗೆ ಹೋದಾಗ ಹಿಂಡುಗಳು ಆಳದ ಕಡೆ ಸರಿದು, ತಳಕ್ಕೆ ಹತ್ತಿಕೊಂಡು, ಕದಲದೆ ನಿಲ್ಲುತ್ತವೆ. ಆಗ ದಡದಿಂದ ತಲುಪಬಹುದಾದ ಅತಿ ಆಳದ ಗುಂಡಿ ಯಾವುದು ಎಂಬುದೊಂದೇ ಪ್ರಶ್ನೆ.

ಆಳ ಅಳೆಯಲು ಯಂತ್ರ ಬೇಡ. ಕಾಲಬುಡದಲ್ಲಿ ಒಂದು ಮೀಟರ್ ಆಳವಿರುವ ಕಡೆ ಜಿಗ್ ಬಿಟ್ಟು, ನೀರು ಮುಟ್ಟಿದ ಕ್ಷಣದಿಂದ ತಳ ಮುಟ್ಟುವವರೆಗೆ ಎಣಿಸಿ. ಆ ಎಣಿಕೆಯೇ ಆ ಲೂರ್‌ನ ಮೀಟರು. ಒಂದು ಮೀಟರಿಗೆ ಎರಡು ಎಣಿಕೆ ಬಂದು, ಎಸೆದ ಕಡೆ ಏಳು ಎಣಿಕೆ ಬಂದರೆ ಅಲ್ಲಿ ಸುಮಾರು ಮೂರೂವರೆ ಮೀಟರ್ ನೀರು. ಲೂರ್ ಇಳಿಯುವಾಗ ದಾರ ಬಿಗಿ ಹಿಡಿಯದೆ ಬಿಡಬೇಕು. ಬಿಗಿ ಹಿಡಿದರೆ ಲೂರ್ ನಿಮ್ಮ ಕಡೆ ತೂಗಿಕೊಂಡು ನಿಧಾನ ಇಳಿಯುತ್ತದೆ, ಲೆಕ್ಕ ತಪ್ಪುತ್ತದೆ.

ಹೊತ್ತಿನ ಮಾತು ಬೇಗ ಮುಗಿಯುತ್ತದೆ. ಪರ್ಚ್ ಕಣ್ಣಿನಿಂದ ಬೇಟೆಯಾಡುವ ಮೀನು. ಬೆಳಗಿನ ಮೊದಲ ಎರಡು ಗಂಟೆ ಮತ್ತು ಸಂಜೆಯ ಕೊನೆಯ ಎರಡು ಗಂಟೆ ಚುರುಕು, ಮೋಡ ಕವಿದ ದಿನ ನಡುಹಗಲೂ ನಡೆಯುತ್ತದೆ. ಪೂರ್ತಿ ಕತ್ತಲಾದ ಮೇಲೆ ತಟ್ಟು ನಿಂತರೆ ಅದು ದೋಷವಲ್ಲ. ವಸಂತದಲ್ಲಿ ನೀರು ಸುಮಾರು 8ರಿಂದ 14 ಡಿಗ್ರಿ ತಲುಪಿದಾಗ ಮೊಟ್ಟೆ ಇಡುವ ಕಾಲ. ಕಳೆ, ಮುಳುಗಿದ ಕೊಂಬೆಗಳ ಮೇಲೆ ಬಿಳಿ ಜಾಲರಿಯಂಥ ಮೊಟ್ಟೆಯ ಪಟ್ಟಿ ಕಂಡರೆ ಆ ಜಾಗ ಬಿಟ್ಟುಬಿಡಿ. ಎಷ್ಟೋ ಕಡೆ ಆ ಅವಧಿಯಲ್ಲಿ ಗಾಳ ಹಾಕುವುದಕ್ಕೆ ನಿಷೇಧವೂ ಇರುತ್ತದೆ. ಆಯಾ ನೀರಿನ ನಿಯಮ ಮೊದಲೇ ಓದಿಕೊಳ್ಳಿ.

ಹಿಂದೆ ಬರುತ್ತದೆ, ಕಚ್ಚುವುದಿಲ್ಲ

ನೀರು ತಿಳಿಯಾಗಿದ್ದರೆ ಇದು ಕಣ್ಣಿಗೇ ಕಾಣುತ್ತದೆ. ಮೂರು-ನಾಲ್ಕು ಪರ್ಚ್ ಲೂರ್‌ನ ಬೆನ್ನು ಹತ್ತಿ ಬಂದು, ಬೆನ್ನಿನ ಮುಳ್ಳು ಎಬ್ಬಿಸಿ, ಕೊನೆಯ ಒಂದು ಮೀಟರಿನಲ್ಲಿ ತಿರುಗಿ ಹೋಗುತ್ತವೆ. ಇದು ಒಳ್ಳೆಯ ಸುದ್ದಿಯೇ. ಜಾಗವೂ ಆಳವೂ ಸರಿ, ಉಳಿದದ್ದು ವೇಗ ಮತ್ತು ಗಾತ್ರ.

ಮೊದಲು ವೇಗ. ಒಂದೇ ಸಮನೆ ಸುತ್ತುವ ಲೂರ್‌ನ ಹಿಂದೆ ಪರ್ಚ್ ಬಹಳ ದೂರ ಬರುತ್ತದೆ, ಕಚ್ಚಲು ಕಾರಣ ಸಿಗದೆ ಬಿಟ್ಟುಬಿಡುತ್ತದೆ. ಲಯ ಮುರಿಯಿರಿ: ರೀಲ್ ಎರಡು ಸುತ್ತು, ನಿಲುಗಡೆ, ಮತ್ತೆ ಎರಡು ಸುತ್ತು. ಜಿಗ್ ತಳ ಮುಟ್ಟಿ ಒಂದೆರಡು ಸೆಕೆಂಡ್ ಕುಳಿತಿರಲಿ, ತಣ್ಣೀರಿನಲ್ಲಿ ಐದು ಸೆಕೆಂಡ್. ಕಚ್ಚುವುದು ಬಹುತೇಕ ಲೂರ್ ಬೀಳುವಾಗ ಅಥವಾ ನಿಂತ ಮರುಕ್ಷಣ, ಎಳೆಯುವಾಗ ಅಲ್ಲ.

ಜಿಗ್‌ನ ತೂಕ ಸರಿಯಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ರೀಲ್ ಎರಡು ಸುತ್ತು ಸುತ್ತಿ ನಿಲ್ಲಿಸಿ, ದಾರ ಸಡಿಲಗೊಳ್ಳುವವರೆಗೆ ಎಣಿಸಿ. ಒಂದು ಸೆಕೆಂಡಿನೊಳಗೆ ತಳ ಮುಟ್ಟಿದರೆ ಜಿಗ್ ಭಾರ ಹೆಚ್ಚು, ಲೂರ್ ಕಲ್ಲಿನಂತೆ ಬೀಳುತ್ತಿದೆ. ಮೂರು-ನಾಲ್ಕು ಸೆಕೆಂಡ್ ಮೀರಿದರೆ ಹಗುರ ಹೆಚ್ಚಾಯಿತು, ಗಾಳಿಗೆ ದಾರ ಉಬ್ಬಿ ತಟ್ಟು ಗೊತ್ತಾಗುವುದಿಲ್ಲ. ಎರಡರ ಆಸುಪಾಸು ಸರಿ. ಒಂದೆರಡು ಮೀಟರ್ ಆಳಕ್ಕೆ 3 ಗ್ರಾಂ, ಮೂರು-ನಾಲ್ಕು ಮೀಟರಿಗೆ 5ರಿಂದ 7 ಗ್ರಾಂ, ಅದಕ್ಕೂ ಆಳಕ್ಕೆ ಅಥವಾ ಗಾಳಿ ಜೋರಿದ್ದರೆ 10 ಗ್ರಾಂನಿಂದ ಶುರುಮಾಡಿ ಪರೀಕ್ಷೆಯಂತೆ ತಿದ್ದಿಕೊಳ್ಳಿ.

ವೇಗ ತಿದ್ದಿದರೂ ಬರೀ ಬೆನ್ನು ಹತ್ತುತ್ತಿದ್ದರೆ ಗಾತ್ರ ಇಳಿಸಿ: 7 ಸೆಂಟಿಮೀಟರಿನಿಂದ 5ಕ್ಕೆ. ಬಾಲ ಅಗಲವಾಗಿ ಬಡಿಯುವ ಶ್ಯಾಡ್ ಬಿಟ್ಟು ಸೂಜಿಬಾಲದ ಸಣ್ಣ ರಬ್ಬರ್ ಹುಳು ಹಾಕಿ. ಕೋಲಿನ ತುದಿ ನೀರಿನ ಕಡೆ ಬಗ್ಗಿಸಿ, ಕೊನೆಯ ಎರಡು ಮೀಟರನ್ನು ಆದಷ್ಟು ನಿಧಾನ ಮುಗಿಸಿ. ಕಾಲಬುಡದ ಕಟ್ಟಕಡೆಯ ನಿಲುಗಡೆಗೆ ಬಿದ್ದ ಪರ್ಚ್ ಕಡಿಮೆಯೇನಲ್ಲ, ಆದರೆ ಲೂರ್ ಕಣ್ಣಿಗೆ ಕಂಡ ಕೂಡಲೇ ಮೇಲೆತ್ತುವ ಅಭ್ಯಾಸದವರಿಗೆ ಅವು ಸಿಗುವುದಿಲ್ಲ.

ಬಣ್ಣದ ಸರದಿ ಈಗ. ತಿಳಿನೀರಿಗೆ ಮರಿಮೀನಿನ ಬಣ್ಣ, ಕಂದು, ಪಾರದರ್ಶಕ. ಕದಡಿದ ನೀರಿಗೆ ಹೊಳೆಯುವ ಹಳದಿ-ಹಸಿರು ಅಥವಾ ಕಪ್ಪು. ಇಷ್ಟು ತಿಳಿದರೆ ಸಾಕು. ಕದಡಿದ ನೀರಿನಲ್ಲಿ ಬಣ್ಣಕ್ಕಿಂತ ಸದ್ದು-ಕಂಪನ ಮುಖ್ಯ. ಅಲ್ಲಿ ಸ್ಪಿನ್ನರ್ ರಬ್ಬರನ್ನು ಮೀರಿಸುತ್ತದೆ.

ಡ್ರಾಪ್ ಶಾಟ್ ಕೆಲಸ ಮಾಡುತ್ತಿಲ್ಲ

ಇದರಲ್ಲಿ ಕೊಕ್ಕೆ ಮೇಲೆ, ಭಾರ ಕೆಳಗೆ. ಬಾಯಿ ಹಾಕಲು ಹಿಂಜರಿಯುವ ಮೀನಿಗೆ ಲೂರನ್ನು ಒಂದೇ ಕಡೆ ತೂಗಿಬಿಡಲು ಮಾಡಿದ ಕಟ್ಟು. 4ರಿಂದ 8ನೇ ಸಂಖ್ಯೆಯ ಕೊಕ್ಕೆಯನ್ನು ಪಾಲೋಮರ್ ಗಂಟಿನಲ್ಲಿ (ದಾರ ಎರಡಾಗಿ ಮಡಚಿ ಹಾಕುವ ಗಂಟು) ಕಟ್ಟಿ, ಉಳಿದ ದಾರದ ತುದಿಯನ್ನು ಕೊಕ್ಕೆಯ ಕಣ್ಣಿನೊಳಗೆ ಮೇಲಿನಿಂದ ಕೆಳಕ್ಕೆ ಮತ್ತೊಮ್ಮೆ ತೂರಿಸಬೇಕು, ಮೊನೆ ಆಕಾಶ ನೋಡುತ್ತಿರುವಂತೆ. ಆಗ ಕೊಕ್ಕೆ ದಾರದಿಂದ ಅಡ್ಡಕ್ಕೆ ಚಾಚಿ ನಿಲ್ಲುತ್ತದೆ. ಈ ಒಂದು ತೂರಿಕೆ ಮರೆತರೆ ಕೊಕ್ಕೆ ದಾರಕ್ಕೆ ಅಂಟಿಕೊಂಡು ಜೋತು ಬೀಳುತ್ತದೆ. ಇಂಥ ಕಟ್ಟಿಗೆ ಮೀನು ಕಚ್ಚಿದರೂ ನಿಲ್ಲುವುದಿಲ್ಲ.

ದೋಣಿಯವರ ಅಳತೆಯನ್ನು ದಡದಲ್ಲಿ ಹಾಗೇ ಬಳಸುವುದು ಇಲ್ಲಿಯ ಮುಖ್ಯ ದೋಷ. ದೋಣಿಯಿಂದ ದಾರ ನೇರ ಕೆಳಗಿಳಿಯುತ್ತದೆ, ಭಾರದಿಂದ 30 ಸೆಂಟಿಮೀಟರ್ ಮೇಲೆ ಕಟ್ಟಿದ ಲೂರ್ ತಳದಿಂದ 30 ಸೆಂಟಿಮೀಟರ್ ಮೇಲೆಯೇ ಇರುತ್ತದೆ. ದಡದಿಂದ 15 ಮೀಟರ್ ದೂರ ಎಸೆದಾಗ ದಾರ ಓರೆಯಾಗಿ ಮಲಗುತ್ತದೆ. ಅದೇ 30 ಸೆಂಟಿಮೀಟರಿನ ಕಟ್ಟಿನಲ್ಲಿ ಲೂರ್ ತಳದಿಂದ ಒಂದು ಗೇಣೂ ಏಳುವುದಿಲ್ಲ, ಕೆಸರಿಗೆ ಹೊರಳುತ್ತದೆ. ದೂರದ ಎಸೆತಕ್ಕೆ ಅಂತರವನ್ನು 60ರಿಂದ 80 ಸೆಂಟಿಮೀಟರಿಗೆ ಏರಿಸಿ; ಕಟ್ಟೆಯಿಂದ ನೇರ ಕೆಳಗೆ ಬಿಡುವಾಗ 20-30 ಸಾಕು.

ಅಲುಗಿಸುವಾಗ ಭಾರ ಕದಲಬಾರದು. ದಾರವನ್ನು ಅರೆಬಿಗಿಯಾಗಿಟ್ಟು ಆ ಸಡಿಲವನ್ನಷ್ಟೇ ನಡುಗಿಸಿ, ನಾಲ್ಕೈದು ಸಣ್ಣ ಕಂಪನ, ಆಮೇಲೆ ಐದು ಸೆಕೆಂಡ್ ಸುಮ್ಮನೆ. ಭಾರ 5ರಿಂದ 10 ಗ್ರಾಂ. ಕಲ್ಲಿರುವ ತಳದಲ್ಲಿ ಉರುಟು ಗುಂಡಿಗಿಂತ ಉದ್ದನೆಯ ಕಡ್ಡಿಯಾಕಾರದ ಭಾರ ಕಡಿಮೆ ಸಿಕ್ಕಿಕೊಳ್ಳುತ್ತದೆ.

ತಟ್ಟು ಬರುತ್ತದೆ, ಕೊಕ್ಕೆ ಹತ್ತುವುದಿಲ್ಲ

ಟಕ್-ಟಕ್ ಎಂದು ಬಡಿದು ಖಾಲಿ. ಲೂರ್ ಕೈಗೆ ತೆಗೆದುಕೊಂಡು ನೋಡಿ, ಉತ್ತರ ಅದರ ಮೇಲೇ ಬರೆದಿರುತ್ತದೆ.

ರಬ್ಬರಿನ ಬಾಲ ಮಾತ್ರ ಕಿತ್ತುಹೋಗಿದ್ದರೆ ಅಥವಾ ಕೊಕ್ಕೆಯಿಂದ ಹಿಂದಕ್ಕೆ ಜಾರಿದ್ದರೆ ಮೀನು ಹಿಂದಿನಿಂದ ಬಾಲ ಜಗ್ಗುತ್ತಿದೆ. ಕೊಕ್ಕೆಯ ಮೊನೆ ಎಲ್ಲಿ ಹೊರಬಂದಿದೆ ನೋಡಿ: ಅದು ಲೂರ್‌ನ ಮೈಯ ಅರ್ಧದ ಹತ್ತಿರ ಇರಬೇಕು. ಮುಂದಿನ ಮೂರನೇ ಒಂದು ಭಾಗದಲ್ಲೇ ಹೊರಬಂದಿದ್ದರೆ ಜಿಗ್‌ನ ಕೊಕ್ಕೆ ಗಿಡ್ಡ. ಉದ್ದ ಕೊಕ್ಕೆಯ ಜಿಗ್ ಹಾಕಿ, ಇಲ್ಲವೇ ಲೂರನ್ನೇ ಚಿಕ್ಕದು ಮಾಡಿ. ರಬ್ಬರಿನ ತಲೆಯಿಂದ ಅರ್ಧ ಸೆಂಟಿಮೀಟರ್ ಕತ್ತರಿಸಿ ಹಾಕಿದರೂ ಮೊನೆ ಅಷ್ಟು ಹಿಂದಕ್ಕೆ ಸರಿಯುತ್ತದೆ. ಅಂಗಡಿಗೆ ಹೋಗದೆ ಆಗುವ ರಿಪೇರಿ ಇದು.

ರಬ್ಬರಿನ ನಡುಮೈ ಮೇಲೆ ಉಪ್ಪುಕಾಗದ ಉಜ್ಜಿದಂಥ ಗೀರು ಇದ್ದರೆ ಮೀನು ಪೂರ್ತಿ ಬಾಯಿಗೆ ತೆಗೆದುಕೊಂಡಿದೆ, ನಿಮಗೆ ತಡವಾಗಿ ಗೊತ್ತಾಗಿದೆ ಅಥವಾ ಮೊನೆ ಮೊಂಡಾಗಿದೆ. ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಓರೆಯಾಗಿಟ್ಟು ಮೆಲ್ಲಗೆ ಎಳೆಯಿರಿ. ಉಗುರಿಗೆ ಕಚ್ಚಿ ನಿಂತರೆ ಸರಿ, ಜಾರಿದರೆ ಕೊಕ್ಕೆ ಬದಲಿಸಿ. ಕಲ್ಲಿಗೆ ಸಿಕ್ಕಿ ಬಿಡಿಸಿಕೊಂಡ ಪ್ರತಿ ಸಲವೂ ಈ ಪರೀಕ್ಷೆ ಮಾಡಬೇಕು. ಇನ್ನೊಂದು ಸಾಧ್ಯತೆ, ರಬ್ಬರ್ ತೀರಾ ದಪ್ಪವಾಗಿದ್ದು ಮೊನೆಗೂ ಮೈಗೂ ನಡುವೆ ಜಾಗವೇ ಉಳಿದಿಲ್ಲ. ಅಲ್ಲಿ ಅಗಲ ಬಾಯಿಯ ಕೊಕ್ಕೆ ಬೇಕು.

ಲೂರ್ ಮೇಲೆ ಏನೂ ಗುರುತಿಲ್ಲದಿದ್ದರೆ? ಬಡಿಯುತ್ತಿರುವುದು ಬೆರಳುದ್ದದ ಮರಿಗಳು. ಅವುಗಳನ್ನು ಹಿಡಿಯಲು ಪರದಾಡಬೇಡಿ.

ತಟ್ಟು ಬಂದಾಗ ತೋಳೆಲ್ಲ ಬೀಸಿ ಜಗ್ಗುವ ಅಗತ್ಯವಿಲ್ಲ. ಹೆಣೆದ ದಾರ ಹಿಗ್ಗುವುದಿಲ್ಲ. ಮಣಿಕಟ್ಟಿನಿಂದ ಒಂದು ಗೇಣು ಎತ್ತಿದರೆ ಹರಿತ ಕೊಕ್ಕೆ ಹತ್ತುತ್ತದೆ. ಸ್ಪಿನ್ನರ್‌ನಲ್ಲಿ ಅದೂ ಬೇಡ, ಸುತ್ತುತ್ತಲೇ ಇರಿ.

ಹತ್ತಿದ ಮೀನು ಅರ್ಧ ದಾರಿಯಲ್ಲಿ ಕಳಚುತ್ತದೆ

ಪರ್ಚ್‌ನ ಬಾಯಿ ಮುಂದಕ್ಕೆ ಚಾಚಿಕೊಳ್ಳುತ್ತದೆ. ದವಡೆಯ ಮೂಳೆಗಳ ನಡುವೆ ಕಾಗದದಷ್ಟು ತೆಳು ಪೊರೆ ಇದೆ. ಕೊಕ್ಕೆ ಆ ಪೊರೆಯಲ್ಲಿ ನಾಟಿದರೆ ಜೋರಾಗಿ ಎಳೆದಷ್ಟೂ ತೂತು ದೊಡ್ಡದಾಗುತ್ತದೆ, ದಾರ ಸ್ವಲ್ಪ ಸಡಿಲವಾದ ಕೂಡಲೇ ಕೊಕ್ಕೆ ಉದುರುತ್ತದೆ. ಪರ್ಚ್ ತಲೆ ಒದರುವುದಂತೂ ಬಿಡುವುದಿಲ್ಲ. ಹೀಗಾಗಿ ಇಲ್ಲಿ ದೋಷ ಸಾಮಾನ್ಯವಾಗಿ ಡ್ರ್ಯಾಗ್‌ನದ್ದು, ಅಂದರೆ ಸೆಳೆತ ಹೆಚ್ಚಾದಾಗ ದಾರ ಬಿಟ್ಟುಕೊಡುವ ರೀಲ್‌ನ ಬ್ರೇಕಿನದ್ದು.

ಡ್ರ್ಯಾಗ್ ಹೀಗೆ ಹೊಂದಿಸಿ: ದಾರದ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ, ಕೋಲು 45 ಡಿಗ್ರಿ ಎತ್ತಿ ಎಳೆಯಿರಿ. 400ರಿಂದ 500 ಗ್ರಾಂ ತೋರುವಾಗ ರೀಲ್ ದಾರ ಬಿಡಲು ಶುರುಮಾಡಬೇಕು. ತಕ್ಕಡಿ ಇಲ್ಲದಿದ್ದರೆ ಅರ್ಧ ಲೀಟರ್ ನೀರಿನ ಬಾಟಲಿ ಕಟ್ಟಿ ಎತ್ತಿ. ನಿಧಾನ ಎತ್ತಿದರೆ ಏಳಬೇಕು, ಕುಲುಕಿದರೆ ದಾರ ಜಾರಬೇಕು. ಡ್ರ್ಯಾಗ್ ಬಿಡುವಾಗ ತಡೆತಡೆದು ಬಿಟ್ಟರೆ ಒಳಗಿನ ವಾಷರ್ ಒಣಗಿದೆ ಅಥವಾ ಮರಳು ಸೇರಿದೆ. ಬಿಚ್ಚಿ ಒರೆಸಿ, ಡ್ರ್ಯಾಗ್‌ಗೆಂದೇ ಬರುವ ಗ್ರೀಸ್ ತೆಳ್ಳಗೆ ಹಚ್ಚಿ.

ಡ್ರ್ಯಾಗ್ ಸರಿಯಿದ್ದೂ ಕಳಚುತ್ತಿದ್ದರೆ ಕೋಲು ಬಿರುಸಾಗಿರಬಹುದು. ಹಿಗ್ಗದ ದಾರ, ಬಾಗದ ಕೋಲು, ತೆಳು ಬಾಯಿ, ಮೂರೂ ಒಟ್ಟಿಗೆ ಸೇರಿದರೆ ಏನಾಗಬೇಕೋ ಅದೇ ಆಗುತ್ತದೆ. ಕೋಲು ಬದಲಿಸಲಾಗದಿದ್ದರೆ ಹೆಣೆದ ದಾರದ ಬದಲು 0.18 ಮಿಲಿಮೀಟರ್ ನೈಲಾನ್ ಸುತ್ತಿ, ಅದರ ಹಿಗ್ಗು ಕೋಲಿನ ಕೊರತೆ ತುಂಬುತ್ತದೆ. ಮೀನು ಮೇಲೆ ಬಂದು ತಲೆ ಒದರುವಾಗ ಕೋಲು ಅಡ್ಡಕ್ಕೆ ಇಳಿಸಿ ಹಿಡಿಯಿರಿ, ನೇರ ಎತ್ತಿದರೆ ತಲೆ ನೀರಿನಿಂದ ಹೊರಗೆ ಬರುತ್ತದೆ.

ದಡದ ಅಂಚಿನಲ್ಲೇ ಕಳೆದುಕೊಳ್ಳುತ್ತಿದ್ದರೆ ಕಾರಣ ಒಂದೇ, ದಾರ ಹಿಡಿದು ಮೀನನ್ನು ಮೇಲಕ್ಕೆತ್ತುವುದು. ನೀರೊಳಗೆ ತೂಕವೇ ಇಲ್ಲದಂತಿದ್ದ 400 ಗ್ರಾಂ ಮೀನು ಗಾಳಿಗೆ ಬಂದ ಕ್ಷಣ ಪೂರ್ತಿ 400 ಗ್ರಾಂ ಆಗಿ ಆ ಪೊರೆಯ ಮೇಲೆ ಬೀಳುತ್ತದೆ. ಎರಡು ಮೀಟರ್ ಹಿಡಿಯ ಕೈಬಲೆ ತನ್ನಿ. ಬಲೆ ಮೊದಲೇ ನೀರಿನಲ್ಲಿ ಮುಳುಗಿರಲಿ, ಮೀನನ್ನು ಅದರ ಮೇಲೆ ತೇಲಿಸಿ ತಂದು ಎತ್ತಿ. ಬಲೆ ಹಿಡಿದು ಮೀನನ್ನು ಅಟ್ಟಬೇಡಿ. ರಬ್ಬರ್ ಲೇಪದ ಬಲೆಯಾದರೆ ಮುಳ್ಳು, ಕೊಕ್ಕೆ ಎರಡೂ ಸಿಕ್ಕಿಕೊಳ್ಳುವುದಿಲ್ಲ.

ಬೆಂಡು ಕುಣಿಯುತ್ತದೆ, ಎತ್ತಿದರೆ ಖಾಲಿ. ಇಲ್ಲವೇ ಕೊಕ್ಕೆ ಗಂಟಲಲ್ಲಿ

ಹುಳು ಹಾಕಿ ಹಿಡಿಯುವುದರಲ್ಲಿ ಎರಡು ಎದುರುಬದುರು ದೋಷಗಳಿವೆ. ಬೇಗ ಎತ್ತಿದರೆ ಖಾಲಿ, ತಡವಾದರೆ ಪರ್ಚ್ ಕೊಕ್ಕೆಯನ್ನು ಹೊಟ್ಟೆಗೇ ಇಳಿಸಿಕೊಂಡಿರುತ್ತದೆ. ಎರಡನೆಯದು ಹೆಚ್ಚು ಕೆಟ್ಟದ್ದು, ಏಕೆಂದರೆ ಆ ಮೀನು ಬಿಟ್ಟರೂ ಬದುಕುವುದು ಕಷ್ಟ. ಆದ್ದರಿಂದ ಸಂಶಯವಿದ್ದಾಗ ಬೇಗ ಎತ್ತಿ.

ಸಾಮಾನ್ಯ ನಡೆ ಹೀಗೆ: ಬೆಂಡು ಎರಡು-ಮೂರು ಸಲ ತಲೆಯಾಡಿಸುತ್ತದೆ, ಸ್ವಲ್ಪ ನಿಲ್ಲುತ್ತದೆ, ಆಮೇಲೆ ಓರೆಯಾಗಿ ಜಾರುತ್ತಾ ಮುಳುಗುತ್ತದೆ. ಆ ಜಾರುವಿಕೆ ಶುರುವಾದಾಗ ಎತ್ತಬೇಕು. ತಲೆಯಾಡಿಸಿ ಆಡಿಸಿ ನಿಂತೇ ಹೋಗುತ್ತಿದ್ದರೆ ಪರ್ಚ್ ಭಾರ ಗ್ರಹಿಸಿ ಹುಳು ಉಗುಳುತ್ತಿದೆ. ಬೆಂಡಿನ ತುದಿ ನೀರಿನ ಮೇಲೆ ಎಷ್ಟು ಕಾಣುತ್ತಿದೆ? ಅರ್ಧ ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಸಣ್ಣ ಸೀಸದ ಗುಂಡು ಒಂದೊಂದೇ ಸೇರಿಸುತ್ತಾ ಇಳಿಸಿ. ದಪ್ಪ ಹೊಟ್ಟೆಯ ಬೆಂಡಿದ್ದರೆ ತೆಳ್ಳನೆಯದಕ್ಕೆ ಬದಲಿಸಿ. ಹುಳು ಉದ್ದ ಹೆಚ್ಚಾಗಿದ್ದರೆ ಅರ್ಧಕ್ಕೆ ಕತ್ತರಿಸಿ. ಕತ್ತರಿಸಿದ ತುದಿಯಿಂದ ಒಸರುವ ರಸವೇ ಒಳ್ಳೆಯ ಸೆಳೆತ. ಅರ್ಧ ಹುಳುವಿಗೆ 8ನೇ ಸಂಖ್ಯೆ, ಇಡೀ ದೊಡ್ಡ ಹುಳುವಿಗೆ 6. ಮೊನೆ ಹೊರಗೆ ಕಾಣಲಿ. ಪರ್ಚ್‌ಗೆ ಅದರ ಚಿಂತೆಯಿಲ್ಲ, ಹುಳುವಿನೊಳಗೆ ಹುದುಗಿದ ಮೊನೆ ಮಾತ್ರ ನಾಟುವುದಿಲ್ಲ.

ಪದೇಪದೇ ಗಂಟಲಿಗೆ ಹೋಗುತ್ತಿದ್ದರೆ ಕೊನೆಯ ಗುಂಡನ್ನು ಕೊಕ್ಕೆಯ ಹತ್ತಿರಕ್ಕೆ, 10-15 ಸೆಂಟಿಮೀಟರಿಗೆ ತನ್ನಿ. ತಟ್ಟು ಬೆಂಡಿಗೆ ಬೇಗ ತಲುಪುತ್ತದೆ. ತಳಭಾರ ಹಾಕಿ ಹಿಡಿಯುವವರು ಕೊಕ್ಕೆದಾರವನ್ನು 40 ಸೆಂಟಿಮೀಟರಿನಿಂದ 20ಕ್ಕೆ ಇಳಿಸಿ, ಕೋಲಿನ ಪಕ್ಕದಿಂದ ಏಳಬೇಡಿ. ಬಾರ್ಬ್ (ಮೊನೆಯ ಹಿಂದಿನ ಹಿಮ್ಮುಳ್ಳು) ಇಲ್ಲದ ಕೊಕ್ಕೆಯನ್ನೇ ಬಳಸಿ. ಕೊಕ್ಕೆ ಕಣ್ಣಿಗೆ ಕಾಣುತ್ತಿದ್ದರೆ ಉದ್ದ ಮೂತಿಯ ಇಕ್ಕಳದಿಂದ ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳಿ ತೆಗೆಯಿರಿ. ಕಾಣುತ್ತಿಲ್ಲವೆಂದರೆ ಕೆದಕಬೇಡಿ, ಬಾಯಿಯ ಒಳಗೆ ಆದಷ್ಟು ಹತ್ತಿರ ದಾರ ಕತ್ತರಿಸಿಬಿಡಿ.

ಆಳ ಹೊಂದಿಸುವುದಕ್ಕೆ ಕೊಕ್ಕೆಗೆ ಭಾರವಾದ ಸೀಸ ಸಿಕ್ಕಿಸಿ ಬಿಡಿ. ಬೆಂಡು ಮುಳುಗಿದರೆ ಮೇಲಕ್ಕೆ ಸರಿಸಿ, ಮಲಗಿದರೆ ಕೆಳಕ್ಕೆ. ತುದಿ ಮಾತ್ರ ಕಾಣುವಲ್ಲಿಗೆ ಬಂದಾಗ ಕೊಕ್ಕೆ ತಳದಲ್ಲಿದೆ. ಅಲ್ಲಿಂದ 5-10 ಸೆಂಟಿಮೀಟರ್ ಎತ್ತಿ ಶುರುಮಾಡಿ. ಮೀನನ್ನು ಕೂಡಿಹಾಕಲು ಮೂರು-ನಾಲ್ಕು ಹುಳುಗಳನ್ನು ಸೆಂಟಿಮೀಟರ್ ತುಂಡು ಮಾಡಿ ಬೆಂಡಿನ ಸುತ್ತ ಎಸೆಯಿರಿ, ಐದು ನಿಮಿಷಕ್ಕೊಮ್ಮೆ ಹತ್ತು-ಹದಿನೈದು ಮ್ಯಾಗಟ್ (ನೊಣದ ಮರಿಹುಳು). ಮ್ಯಾಗಟ್‌ಗೆ ಮರಿಮೀನು ಮುತ್ತುತ್ತದೆ, ಮರಿಮೀನಿಗೆ ಪರ್ಚ್ ಬರುತ್ತದೆ. ಒಮ್ಮೆಗೇ ಬೊಗಸೆ ತುಂಬ ಸುರಿದರೆ ಹೊಟ್ಟೆ ತುಂಬಿಸಿ ಕಳಿಸಿದ ಹಾಗೆ.

ಎರಡು ಮೀನು ಸಿಕ್ಕವು, ಆಮೇಲೆ ಸದ್ದಿಲ್ಲ

ಹಿಂಡು ಸರಿದಿದೆ, ಅಥವಾ ಅಲ್ಲೇ ಇದ್ದು ಹುಷಾರಾಗಿದೆ. ಮೊದಲು ಅದೇ ಜಾಗಕ್ಕೆ ಬೇರೆ ಬಗೆಯ ಲೂರ್ ಮೂರು-ನಾಲ್ಕು ಎಸೆತ: ಸ್ಪಿನ್ನರ್‌ಗೆ ಸಿಕ್ಕಿದ್ದರೆ ರಬ್ಬರ್, ರಬ್ಬರ್‌ಗೆ ಸಿಕ್ಕಿದ್ದರೆ ಡ್ರಾಪ್ ಶಾಟ್. ಪ್ರತಿಕ್ರಿಯೆ ಇಲ್ಲದಿದ್ದರೆ ಹತ್ತು ಮೀಟರ್ ಎಡಕ್ಕೆ, ಹತ್ತು ಮೀಟರ್ ಬಲಕ್ಕೆ ಹುಡುಕಿ, ಆಮೇಲೆ ಇನ್ನೂ ಒಂದು ಮೀಟರ್ ಆಳಕ್ಕೆ. ಅರ್ಧ ಗಂಟೆ ಬಿಟ್ಟು ಮೊದಲ ಜಾಗಕ್ಕೆ ಮರಳಿ ಬನ್ನಿ. ಆಸರೆ ಒಳ್ಳೆಯದಿದ್ದರೆ ಹಿಂಡೂ ಮರಳುತ್ತದೆ. ಕೊಕ್ಕೆಗೆ ಸಿಕ್ಕಿದ ಮೀನನ್ನು ಹಿಂಡಿನ ನಡುವೆ ಬಹಳ ಹೊತ್ತು ಆಡಿಸದೆ ಪಕ್ಕಕ್ಕೆ ಎಳೆದು ತರುವವರಿಗೆ ಒಂದೇ ಜಾಗದಲ್ಲಿ ಹೆಚ್ಚು ಸಿಗುತ್ತವೆ.

ಬರೀ ಸಣ್ಣವೇ ಬರುತ್ತವೆ

ಪರ್ಚ್ ಹಿಂಡು ಕಟ್ಟುವುದು ಓರಗೆಯವರ ಜೊತೆ. 12 ಸೆಂಟಿಮೀಟರಿನ ಹತ್ತು ಬಂದರೆ ಹನ್ನೊಂದನೆಯದು 35 ಸೆಂಟಿಮೀಟರ್ ಇರುವ ಸಂಭವ ಕಡಿಮೆ. ಅಲ್ಲೇ ನಿಂತು ದೊಡ್ಡದಕ್ಕೆ ಕಾಯುವ ಬದಲು ಸಣ್ಣವುಗಳ ಕೆಳಗೆ, ಮೆಟ್ಟಿಲಿನ ಬುಡದಲ್ಲಿ ಹುಡುಕಿ. ಪರ್ಚ್ ತನ್ನ ಜಾತಿಯ ಮರಿಗಳನ್ನೇ ತಿನ್ನುತ್ತದೆ, ಹಾಗಾಗಿ ದೊಡ್ಡವು ದೂರವೇನೂ ಇರುವುದಿಲ್ಲ. ಲೂರ್ 9-10 ಸೆಂಟಿಮೀಟರಿಗೆ ಏರಿಸಿದರೆ ಮರಿಗಳ ಕಾಟ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ: ತನ್ನ ಅರ್ಧದಷ್ಟಿರುವ ಲೂರ್‌ಗೂ ಪರ್ಚ್ ಬಾಯಿ ಹಾಕುತ್ತದೆ. ಹುಳು ಹಾಕುವವರು ಇಡೀ ದೊಡ್ಡ ಎರೆಹುಳು ಬಳಸಿ, ಮ್ಯಾಗಟ್ ಎಸೆಯುವುದು ನಿಲ್ಲಿಸಿ.

ಕೆಲವು ಕೆರೆಗಳಲ್ಲಿ ಪರ್ಚ್ ಸಂಖ್ಯೆ ಮಿತಿಮೀರಿ, ಆಹಾರ ಸಾಲದೆ, ವಯಸ್ಸಾದರೂ ಗಿಡ್ಡವಾಗೇ ಉಳಿಯುತ್ತವೆ. ಯಾವ ಆಳದಲ್ಲೂ ಯಾವ ಲೂರ್‌ಗೂ ಒಂದೇ ಅಳತೆ, ತಲೆ-ಕಣ್ಣು ಮೈಗೆ ಹೋಲಿಸಿದರೆ ದೊಡ್ಡದು. ಇದಕ್ಕೆ ಗಾಳದಲ್ಲಿ ಮದ್ದಿಲ್ಲ, ಬೇರೆ ಕೆರೆಗೇ ಹೋಗಬೇಕು.

ದಾರ ತುಂಡಾಗಿ ಬರುತ್ತದೆ

ತುಂಡಾದ ತುದಿಯನ್ನು ಬೆಳಕಿಗೆ ಹಿಡಿಯಿರಿ. ಹಂದಿಬಾಲದಂತೆ ಸುರುಳಿಯಾಗಿದ್ದರೆ ಗಂಟು ಜಾರಿದೆ: ಬಿಗಿಸುವ ಮೊದಲು ಒದ್ದೆ ಮಾಡಿಲ್ಲ, ಅಥವಾ ತುದಿ ತೀರಾ ಗಿಡ್ಡ ಕತ್ತರಿಸಲಾಗಿದೆ. ತುದಿಯ ಹಿಂದೆ ಒಂದಷ್ಟು ದೂರ ಒರಟಾಗಿ, ಬೆಳ್ಳಗಾಗಿದ್ದರೆ ಕಲ್ಲಿಗೋ ಚಿಪ್ಪಿಗೋ ಉಜ್ಜಿದೆ: ಅಷ್ಟು ಲೀಡರ್ ಕತ್ತರಿಸಿ ಹೊಸದಾಗಿ ಕಟ್ಟಿ. ಬ್ಲೇಡಿನಿಂದ ಕೊಯ್ದಂತೆ ನೇರವಾಗಿ ತುಂಡಾಗಿ, ಕೈಗೆ ಸೆಳೆತವೂ ಗೊತ್ತಾಗದಿದ್ದರೆ ಅದು ಪೈಕ್ ಮೀನಿನ ಹಲ್ಲು. ಆ ಜಾಗದಲ್ಲಿ ಮುಂದುವರಿಯುವುದಾದರೆ 15-20 ಸೆಂಟಿಮೀಟರಿನ ತೆಳು ಟೈಟಾನಿಯಂ ಅಥವಾ ಉಕ್ಕಿನ ತಂತಿ ಸೇರಿಸಲೇಬೇಕು. ಪರ್ಚ್‌ಗಳ ತಟ್ಟು ಸ್ವಲ್ಪ ಕಡಿಮೆಯಾಗುತ್ತದೆ ನಿಜ, ಆದರೆ ಬಾಯಲ್ಲಿ ಲೂರ್ ಸಿಕ್ಕಿಸಿಕೊಂಡು ಹೋದ ಪೈಕ್‌ನ ಪಾಡು ಅದಕ್ಕಿಂತ ಕೆಟ್ಟದ್ದು.

ಎಸೆಯುವಾಗ ಹೆಣೆದ ದಾರ ಗೋಜಲಾಗಿ ಬರುತ್ತಿದ್ದರೆ ರೀಲ್‌ನಲ್ಲಿ ದಾರ ಅಂಚಿನವರೆಗೆ ತುಂಬಿದೆ. ಅಂಚಿನಿಂದ 2 ಮಿಲಿಮೀಟರ್ ಕೆಳಗಿರಲಿ. ಬೇಲ್ ತಂತಿಯನ್ನು (ರೀಲ್‌ಗೆ ದಾರ ಸುತ್ತಿಸುವ ಬಾಗಿದ ತಂತಿ) ಹಿಡಿಕೆ ತಿರುಗಿಸಿ ಮುಚ್ಚದೆ ಕೈಯಿಂದ ಮುಚ್ಚಿ, ಸಡಿಲ ದಾರ ಒಮ್ಮೆ ಎಳೆದು ಬಿಗಿಮಾಡಿ ಸುತ್ತಿ. ಸ್ಪಿನ್ನರ್ ಬಳಸುವವರ ದಾರ ಹುರಿಗೊಳ್ಳುತ್ತಿದ್ದರೆ ಲೀಡರ್‌ನ ಮೇಲ್ತುದಿಗೆ ಸಣ್ಣ ಸ್ವಿವೆಲ್ (ತಿರುಗುವ ಕೊಂಡಿ) ಸೇರಿಸಿ. ಸ್ಪಿನ್ನರ್‌ನ ಎಲೆ ತಿರುಗದೆ ಬರುತ್ತಿದೆ ಎನಿಸಿದರೆ ನೀರಿಗೆ ಬಿದ್ದ ಕೂಡಲೇ ಒಂದು ಚುರುಕು ಜಗ್ಗು ಕೊಡಿ. ಆಗಲೂ ತಿರುಗದಿದ್ದರೆ ತಂತಿ ಬಾಗಿದೆ, ಇಲ್ಲವೇ ಕಳೆಯ ಎಳೆ ಸುತ್ತಿಕೊಂಡಿದೆ.

ಬಿಟ್ಟ ಮೀನು ತೇಲುತ್ತದೆ

ಪರ್ಚ್‌ನ ಗಾಳಿಚೀಲಕ್ಕೆ ಬಾಯಿಯ ಕಡೆ ದಾರಿಯಿಲ್ಲ. ಆಳದಿಂದ ಬೇಗ ಮೇಲೆ ತಂದರೆ ಒಳಗಿನ ಗಾಳಿ ಹಿಗ್ಗಿ ಹೊರಹೋಗಲಾಗದೆ ಹೊಟ್ಟೆ ಉಬ್ಬುತ್ತದೆ, ಕಣ್ಣು ಹೊರಚಾಚುತ್ತದೆ, ಕೆಲವೊಮ್ಮೆ ಜಠರ ಬಾಯಿಗೆ ಬರುತ್ತದೆ. ಸಾಧಾರಣ ದಡದಲ್ಲಿ ಈ ಪ್ರಶ್ನೆ ಏಳುವುದಿಲ್ಲ, ಆದರೆ ಹಳೆಯ ಕಲ್ಲುಗಣಿ, ಅಣೆಕಟ್ಟಿನ ಗೋಡೆಯಂಥ ಕಡೆ ಕಾಲಬುಡದಲ್ಲೇ 10 ಮೀಟರಿಗಿಂತ ಹೆಚ್ಚು ನೀರಿರುತ್ತದೆ. ನಿಧಾನ ಎತ್ತುವುದರಿಂದ ಪ್ರಯೋಜನವಿಲ್ಲ, ಆ ಒತ್ತಡಕ್ಕೆ ಒಗ್ಗಲು ಮೀನಿಗೆ ಗಂಟೆಗಟ್ಟಲೆ ಬೇಕು. ಬಿಡುವ ಉದ್ದೇಶವಿದ್ದರೆ ಅಷ್ಟು ಆಳಕ್ಕೆ ಗಾಳ ಇಳಿಸದಿರುವುದೇ ಸರಿ. ಸೂಜಿ ಚುಚ್ಚಿ ಗಾಳಿ ತೆಗೆಯುವ ಉಪಾಯ ಕೇಳಿರಬಹುದು. ಒಳಗಿನ ಅಂಗ ಎಲ್ಲಿದೆ ಎಂದು ತಿಳಿಯದ ಕೈಗೆ ಅದು ಬೇಡ.

ಹಿಡಿದು ಬಿಡುವಾಗ ಕೈ ಒದ್ದೆಯಿರಲಿ. ತಲೆಯ ಕಡೆಯಿಂದ ಬಾಲದ ಕಡೆಗೆ ಅಂಗೈ ಸವರುತ್ತಾ ಬಂದರೆ ಬೆನ್ನಿನ ಮುಳ್ಳು ಮಲಗುತ್ತವೆ, ಎದುರಿನಿಂದ ಹಿಡಿದರೆ ಚುಚ್ಚುತ್ತವೆ. ಕಿವಿರಿನ ಮುಚ್ಚಳದ ಹಿಂತುದಿಯಲ್ಲೂ ಒಂದು ಚೂಪು ಮುಳ್ಳಿದೆ. ಪರ್ಚ್‌ಗೆ ಕೋರೆಹಲ್ಲಿಲ್ಲ, ಒರಟು ಬ್ರಷ್‌ನಂಥ ಸಣ್ಣ ಹಲ್ಲುಗಳಷ್ಟೇ. ಹಾಗಾಗಿ ಒಂದು ಕೈಯ ಹೆಬ್ಬೆರಳಿನಿಂದ ಕೆಳದವಡೆ ಹಿಡಿದು, ಇನ್ನೊಂದು ಕೈಯನ್ನು ಹೊಟ್ಟೆಯ ಕೆಳಗೆ ಆಸರೆ ಕೊಟ್ಟು, ನೀರಿನಲ್ಲಿ ನೆಟ್ಟಗೆ ನಿಲ್ಲಿಸಿ. ತಾನಾಗಿ ಬಾಲ ಬಡಿದು ಹೊರಡುವವರೆಗೆ ಕೈ ಬಿಡಬೇಡಿ.